ಕಾರವಾರದ ದೇವಗಡ ಲೈಟ್‌ಹೌಸ್: ದಡದಿಂದಲೇ ತೆಗೆಯಿರಿ

ಶಿರಸಿಯಿಂದ ಬಂದು ದೇವಗಡ ದ್ವೀಪದ ಲೈಟ್‌ಹೌಸ್ ಫೋಟೊ ತೆಗೆಯಬೇಕು, ದೋಣಿ ಮಾಡಬೇಕಾ ಅಂತ ಕೇಳಿದ್ದೀರಿ. ಕೆಳಗೆ ಬರೆಯಲು ಅದರ ಕಥೆಯೂ ಬೇಕು ಅಂದಿರಿ.

ದೋಣಿ ಬೇಡ ಮಾರಾಯ್ರೇ. ನಾನೊಮ್ಮೆ ಹೋಗಿದ್ದೆ. ದೋಣಿ ಕುಲುಕಿ ಹತ್ತರಲ್ಲಿ ಎಂಟು ಫೋಟೊ ಮಸುಕಾದವು. ಉಳಿದೆರಡರಲ್ಲಿ ಬರೀ ಬಂಡೆ. ಟಾಗೋರ್ ಬೀಚ್‌ನಿಂದ ಸಂಜೆ ನೋಡಿ, ದ್ವೀಪ ಪಶ್ಚಿಮಕ್ಕೇ ಇದೆ. 300 ಎಂಎಂ ಲೆನ್ಸ್ ಇದ್ದರೆ ಒಳ್ಳೇದು. ಕಂಬ ಒಂದನ್ನೇ ಹಿಡಿಯಬೇಡಿ, ಗುಡ್ಡ ಪೂರ್ತಿ ಬರಲಿ. ಗುಡ್ಡದ ಮೇಲೆ ಕಟ್ಟಿದ್ದೇ ದೂರಕ್ಕೆ ಕಾಣಲಿ ಅಂತ ಅಲ್ವಾ? ನೀರಿನಿಂದ 60 ಮೀಟರ್ ಮೇಲಿರುವ ದೀಪ ಸುಮಾರು 27 ಕಿ.ಮೀ. ದೂರದ ನೀರಿನ ಮೇಲಿನಿಂದಲೂ ಕಾಣುತ್ತದೆ.

ಸೂರ್ಯ ಮುಳುಗುವ ಜಾಗ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ, ಜೂನ್‌ನಲ್ಲಿ ಉತ್ತರಕ್ಕೆ ಸರಿದಿರುತ್ತದೆ. ಹಿಂದಿನ ಸಂಜೆಯೇ ಬಂದು ನೋಡಿಡಿ. ದ್ವೀಪದ ಹಿಂದೆ ಸಿಗದಿದ್ದರೆ ದಡದಲ್ಲೇ ಆಚೆ ಈಚೆ ನಡೆಯಿರಿ. ಒಂದು ಕಿ.ಮೀ. ನಡೆದರೂ ನೋಟ ಎಷ್ಟೋ ಬದಲಾಗುತ್ತದೆ.

ಕತ್ತಲಾದ ಮೇಲೆ ದೀಪ ಮಿಂಚುವುದನ್ನು ಮೊದಲು ಸುಮ್ನೆ ಎಣಿಸಿ. ಪ್ರತಿ ಲೈಟ್‌ಹೌಸ್‌ಗೂ ಅದರದ್ದೇ ಲಯ ಇರುತ್ತದೆ. ಹಡಗಿನವರು ಅದರಿಂದಲೇ ಇದು ಯಾವ ಊರು ಅಂತ ಗುರುತು ಹಿಡಿಯುತ್ತಿದ್ದರು. ಎರಡು ಸುತ್ತು ಮುಗಿಯುವಷ್ಟು ಹೊತ್ತು ಶಟರ್ ತೆರೆದಿಡಿ. ಟ್ರೈಪಾಡ್ ಕಾಲಿನ ಅಡಿಗೆ ತೆಂಗಿನ ಕರಟ ಕವುಚಿಡಿ, ಇಲ್ಲದಿದ್ದರೆ ಅಲೆ ಹಿಂದೆ ಸರಿದಾಗ ಹಸಿ ಮರಳಲ್ಲಿ ಕಾಲು ಇಳಿಯುತ್ತದೆ.

ಇನ್ನು ಕಥೆ. ಅದರಲ್ಲಿ ನನಗೆ ಮಜಾ ಅನಿಸುವುದು ಹತ್ತಿ. ನಮ್ಮ ಕರಾವಳಿಯಲ್ಲಿ ಹತ್ತಿ ಬೆಳೆಯುವವರು ಎಲ್ಲಿದ್ದಾರೆ? ಆದರೂ ಹುಬ್ಬಳ್ಳಿ, ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು. ಹೊರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು, ಇಲ್ಲಿನ ಹತ್ತಿಗೆ ಬೆಲೆ ಏರಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಈ ಹತ್ತಿ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸುವ ಓಡಾಟ ಜೋರಾಯಿತು. ದೇವಗಡದ ದೀಪ ಬಂದಿದ್ದು 1864ರಲ್ಲಿ. ಮರುವರ್ಷ ಅಮೆರಿಕದ ಯುದ್ಧವೇ ಮುಗಿಯಿತು ನೋಡಿ!

ಮಳೆಗಾಲ ಬಿಟ್ಟು ಬನ್ನಿ. ಡ್ರೋನ್ ತರಲೇಬೇಡಿ, ಹತ್ತಿರದಲ್ಲೇ ನೌಕಾನೆಲೆ ಇದೆ. ಲೆನ್ಸ್ ಒರೆಸಲು ಒಣಬಟ್ಟೆ ಎರಡು ಜಾಸ್ತಿಯೇ ಇರಲಿ, ಉಪ್ಪುಗಾಳಿಗೆ ಅರ್ಧ ಗಂಟೆಯಲ್ಲಿ ಗಾಜು ಮಬ್ಬಾಗುತ್ತದೆ.