ಪ್ರೀತಿ, ಅಗಲಿಕೆ, ಮತ್ತೆ ಚಿಗುರುವುದು ಅಂತ ಒಂದು ಕಂಟೆಂಪರರಿ ಡಾನ್ಸ್ ನೋಡಿದೆ, ಎಂತದೂ ಅರ್ಥ ಆಗ್ಲಿಲ್ಲ. ಹೇಗೆ ನೋಡ್ಬೇಕು?

ಮುದ್ರೆ ಇಲ್ಲ, ಸಾಹಿತ್ಯ ಇಲ್ಲ, ಕಥೆ ಹೇಗೆ ಹಿಡಿಯೋದು ಅಂತ ಕೇಳಿದ್ದೀರಿ. ನಮ್ಮದು ಉಡುಪಿ ಹತ್ರ ಶಂಕರಪುರ, ಸಣ್ಣದಿರುವಾಗಿಂದ ಭರತನಾಟ್ಯ ಕಲ್ತವಳು ನಾನು, ನಂಗೂ ಮೊದಲು ಇದೇ ಕಷ್ಟ ಆಗಿತ್ತು. ನಮಗೆ ಯಕ್ಷಗಾನದ ಆಟ ನೋಡಿ ಅಭ್ಯಾಸ ಅಲ್ವಾ, ದುಃಖ ಬಂದ್ರೆ ಭಾಗವತರು ಪದ್ಯದಲ್ಲಿ ಹೇಳ್ತಾರೆ, ಮತ್ತೆ ವೇಷದವರು ಅದರದ್ದೇ ಅರ್ಥ ಹೇಳ್ತಾರೆ. ಇಲ್ಲಿ ಹೇಳ್ಲಿಕ್ಕೆ ಯಾರೂ ಇಲ್ಲ, ಇರೋದು ಮೈ ಒಂದೇ. ಹಾಗಾಗಿ ಯಾರು ಯಾರ ಮೇಲೆ ಭಾರ ಹಾಕಿದ್ದಾರೆ, ಆ ಭಾರ ಎಲ್ಲಿ ಕೈ ತಪ್ತದೆ, ಅದನ್ನು ನೋಡಿ.

ಪೀನಾ ಬೌಶ್ ಜರ್ಮನಿಯಲ್ಲಿ 1978ರಲ್ಲಿ ಮಾಡಿದ ‘ಕೆಫೆ ಮ್ಯೂಲರ್’ ಅನ್ನುವ ಡಾನ್ಸಲ್ಲಿ ಒಂದು ಜಾಗ ಉಂಟು. ಒಬ್ಬ ಗಂಡಸು, ಒಬ್ಬಳು ಹೆಂಗಸು ಗಟ್ಟಿ ತಬ್ಬಿಕೊಂಡು ನಿಂತಿರ್ತಾರೆ, ಮೂರನೆಯವನೊಬ್ಬ ಬಂದು ಕೈ ಬಿಡಿಸಿ ಅವಳನ್ನು ಎತ್ತಿ ತಬ್ಬಿದ್ದವನ ತೋಳಲ್ಲಿ ಮಲಗಿಸಿ ಹೋಗ್ತಾನೆ, ಆ ತೋಳು ನಿಲ್ಲೋದಿಲ್ಲ, ಅವಳು ದೊಪ್ಪ ಅಂತ ನೆಲಕ್ಕೆ. ಎದ್ದು ಓಡಿ ಪುನಃ ತಬ್ತಾಳೆ. ಪುನಃ ಮೂರನೆಯವ ಬರ್ತಾನೆ, ಪುನಃ ಬೀಳ್ತಾಳೆ, ಸ್ಪೀಡ್ ಜಾಸ್ತಿ ಆಗ್ತಾ ಆಗ್ತಾ ಕೊನೆಗೆ ಆ ಮೂರನೆಯವ ಬರದಿದ್ರೂ ಇವರಿಬ್ಬರೇ ಅದನ್ನೇ ಮಾಡ್ಲಿಕ್ಕೆ ಶುರು ಮಾಡ್ತಾರೆ. ನಂಗೆ ಅಲ್ಲಿ ಗಂಟಲು ಕಟ್ಟಿತು.

ಇನ್ನೊಂದು ಅಮೆರಿಕದ ಮಾರ್ಥಾ ಗ್ರಹಾಂ ಅವರ ‘ಲ್ಯಾಮೆಂಟೇಶನ್’, 1930ರದ್ದು. ಬೆಂಚಲ್ಲಿ ಕೂತೇ ಮಾಡುವ ಡಾನ್ಸ್. ಮೈಗೆ ಉದ್ದ ಚೀಲದ ಹಾಗೆ ಎಳೆದ್ರೆ ಹಿಗ್ಗುವ ನೇರಳೆ ಬಟ್ಟೆ, ಒಳಗಿಂದ ಕೈ, ಮೊಣಕಾಲು ಅದನ್ನು ಎಳೀತದೆ, ತಳ್ತದೆ, ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ವಿಡಿಯೋ ನೋಡುವಾಗ ನಂಗೆ ಕಂಡದ್ದು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಜಗಲಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುದು, ಬಿಡಿಸುದು, ಪುನಃ ಸುತ್ತುದು, ಅಳ್ತಿರ್ಲಿಲ್ಲ, ಮಾತೂ ಇಲ್ಲ. ಅಂಗಳದ ಮಲ್ಲಿಗೆ ಪಕ್ಕದ ಮನೆಯವರು ಕೊಯ್ತಿದ್ರು.

ಸುಮಾರು ತಿಂಗಳು ಕಳೆದು ಒಂದು ಬೆಳಿಗ್ಗೆ ನಾನು ಏಳುವಾಗ ಅಮ್ಮ ಅದೇ ಜಗಲಿಯಲ್ಲಿ ಬಾಳೆನಾರು ಹಿಡ್ಕೊಂಡು ಕೂತಿದ್ರು, ಬುಟ್ಟಿಯಲ್ಲಿ ಮೊಗ್ಗು. ನಮ್ಮಲ್ಲಿ 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಅಷ್ಟು ಸಲ ಬೆರಳು ತಿರುಗ್ಬೇಕು. ಸೆರಗು ಸುತ್ತುತ್ತಿದ್ದ ಅದೇ ಬೆರಳು, ಅದೇ ಸುತ್ತು, ಈಗ ನಡುವೆ ಮೊಗ್ಗು ಉಂಟು.

ಹಾಗಾಗಿ ಚಿಗುರುವ ಭಾಗ ಅಂದ್ರೆ ಲೈಟ್ ಜೋರಾಗಿ ಎಲ್ಲರೂ ನಗಾಡ್ತಾರೆ ಅಂತ ಕಾಯ್ಬೇಡಿ ಮಾರಾಯ್ರೇ. ನೀವು ನೋಡಿದ್ದರಲ್ಲಿ ಶುರುವಿಗೆ ಬಂದ ಯಾವುದಾದ್ರೂ ಸಣ್ಣ ಚಲನೆ, ಕೈ ಚಾಚುದೋ, ತಲೆ ವಾಲಿಸುದೋ, ಕೊನೆಗೆ ಪುನಃ ಬಂದಿತ್ತಾ? ನೆನಪು ಮಾಡಿ ಬರೀರಿ, ಒಟ್ಟಿಗೆ ನೋಡುವ.