ರಿಲೇ ಬಿಸಿಯಾಗುತ್ತದೆ ಅಂತ ಬರೀ ರೆಸಿಸ್ಟರ್ ಹಾಕಬೇಡಿ

ಸರ್, 12 ವೋಲ್ಟ್ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಾಂತವಾಗಿ ಎಳೆದು ಆನ್ ಆಗುವ ಸ್ವಿಚ್) ಬಿಸಿಯಾಗುತ್ತದೆ ಅಂತ ಕಾಯಿಲ್‌ಗೆ ಸೀರೀಸ್‌ನಲ್ಲಿ 220 ಓಮ್ ರೆಸಿಸ್ಟರ್ ಹಾಕಿ ಬಾಕ್ಸ್ ಮುಚ್ಚಿದ್ದೀರಲ್ಲ, ಅದನ್ನು ಇವತ್ತೇ ಬಿಚ್ಚಿ. ನಾನೂ ಇದನ್ನೇ ಮಾಡಿ ಪೆಟ್ಟು ತಿಂದವನು. ಟೇಬಲ್ ಮೇಲೆ ಹತ್ತು ಸಲ ಆನ್ ಮಾಡಿದೆ, ಹತ್ತು ಸಲವೂ ಟಕ್ ಅಂತು. ಬಾಕ್ಸ್ ಮುಚ್ಚಿ ಒಂದು ಗಂಟೆ ಓಡಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸದ್ದೇ ಇಲ್ಲ. ರಿಲೇಯ ನೀಲಿ ಡಬ್ಬಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮಾತ್ರ ಎಳೆದುಕೊಳ್ಳುತ್ತಿತ್ತು! ತಾಮ್ರ 50 ಡಿಗ್ರಿ ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್ ಸುಮಾರು 20% ಜಾಸ್ತಿಯಾಗುತ್ತದೆ, ಕರೆಂಟ್ ಅದಕ್ಕೆ ತಕ್ಕಂತೆ ಇಳಿದು ಎಳೆಯಲು ಸಾಲುವುದಿಲ್ಲ.

ಎಳೆಯಲು ಬೇಕಾದಷ್ಟು ಕರೆಂಟ್ ಹಿಡಿದಿಡಲು ಬೇಡ, ಗುಟ್ಟು ಇಷ್ಟೇ. ಆ 220 ಓಮ್‌ಗೆ ಪ್ಯಾರಲಲ್ ಆಗಿ 470 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ಸಪ್ಲೈ ಕಡೆಗೆ. ಆನ್ ಆದ ಕ್ಷಣ ಖಾಲಿ ಕೆಪಾಸಿಟರ್ ಮೂಲಕ ಪೂರ್ತಿ 12 ವೋಲ್ಟ್ ಸಿಗುತ್ತದೆ, ಆಮೇಲೆ 400 ಓಮ್ ಕಾಯಿಲ್ ಮೇಲೆ 7.7 ವೋಲ್ಟ್ ಉಳಿಯುತ್ತದೆ. ಕಾಯಿಲ್‌ನ ಬಿಸಿ 0.36 ವ್ಯಾಟ್ ಇದ್ದದ್ದು 0.15ಕ್ಕೆ ಬರುತ್ತದೆ. ಕಾಲು ವ್ಯಾಟ್ ರೆಸಿಸ್ಟರ್ ಸಾಕು. 1ಎನ್4007 ಡಯೋಡ್ ನೇರವಾಗಿ ಕಾಯಿಲ್‌ನ ಎರಡು ಕಾಲುಗಳ ನಡುವೆ ಇರಲಿ, ಆಫ್ ಆದಾಗ ಕಾಯಿಲ್ ಎಬ್ಬಿಸುವ ವೋಲ್ಟೇಜ್ ಹೊಡೆತ ತಡೆಯಲು, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಅದನ್ನು ಬಿಟ್ಟು, ರಿಲೇ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಸುಟ್ಟಿತು ಅಂತ ಬರೆಯಬೇಡಿ, ನನಗೆ ಸಿಟ್ಟು ಬರುತ್ತದೆ.

ಆದರೆ ಇದರಲ್ಲೂ ಒಂದು ತಕರಾರಿದೆ. ಆಫ್ ಮಾಡಿದ ಮೇಲೆ ಅರ್ಧ ಸೆಕೆಂಡಾದರೂ ಬಿಡಬೇಕು, ಕೆಪಾಸಿಟರ್ ಖಾಲಿಯಾಗಬೇಕಲ್ವಾ. ಸಪ್ಲೈ ಒಮ್ಮೆ ಕಣ್ಣು ಮಿಟುಕಿಸಿದಂತೆ ಬಿದ್ದೆದ್ದರೆ ರಿಲೇ ಬಿಟ್ಟುಬಿಡುತ್ತದೆ, ಕೆಪಾಸಿಟರ್ ಮಾತ್ರ ತುಂಬಿಯೇ ಇರುತ್ತದೆ, ವೋಲ್ಟೇಜ್ ವಾಪಸ್ ಬಂದರೂ ಸಿಗುವುದು ಅದೇ 7.7. ಮೀಟರ್‌ನಲ್ಲಿ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ರಿಲೇ ಮಾತ್ರ ಸುಮ್ನೆ ಕೂತಿರುತ್ತದೆ. ಇದನ್ನು ಹುಡುಕಲು ನನಗೆ ಎರಡು ರಾತ್ರಿ ಬೇಕಾಯಿತು. ಅದಕ್ಕೇ ಸಪ್ಲೈ ಹಾಗೆ ಬೀಳದಂತೆ ತಡೆಯುವ ಫಿಲ್ಟರ್ ಕೆಪಾಸಿಟರ್‌ನಲ್ಲಿ ಜಿಪುಣತನ ಬೇಡ. ನಿಚಿಕಾನ್, ರೂಬಿಕಾನ್ ಕಂಪನಿಯದು ಸಿಕ್ಕರೆ ಅದನ್ನೇ ಹಾಕಿ. ತುಂಬಾ ಅಲುಗಾಡುವ ಜಾಗದಲ್ಲಿ ಈ ಉಪಾಯವೇ ಬೇಡ, ಅಲ್ಲಿ ಲ್ಯಾಚಿಂಗ್ ರಿಲೇ (ಒಮ್ಮೆ ಎಳೆದರೆ ಕರೆಂಟ್ ಇಲ್ಲದೆಯೂ ಹಾಗೇ ನಿಲ್ಲುವಂಥದ್ದು) ವಾಸಿ. ರಿಲೇಯಲ್ಲಿ ನನ್ನ ಓಟು ಓಮ್ರಾನ್ ಕಂಪನಿಗೆ.

ಅಂದಹಾಗೆ, ನಿಮ್ಮ ಸಪ್ಲೈ ನಿಜವಾಗಿ 12 ಇದೆಯಾ? 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), ಕೆಪಾಸಿಟರ್ ಅಷ್ಟೇ ಇದ್ದರೆ ಹಗುರ ಲೋಡ್‌ನಲ್ಲಿ 16ರ ಹತ್ತಿರ ಬರುತ್ತದೆ. ಆಗ ಕಾಯಿಲ್‌ನಲ್ಲಿ ಬಿಸಿ ಒಂದೂಮುಕ್ಕಾಲು ಪಟ್ಟು. ಅದು ರಿಲೇಯ ತಪ್ಪಲ್ಲ, ಒಂದು 7812 (ಸ್ಥಿರವಾಗಿ 12 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ) ಹಾಕಿದರೆ ಮುಗಿಯಿತು. ಬೆರಳಿಟ್ಟರೆ ಸುಡುತ್ತದೆ ಅನ್ನುವುದು ಲೆಕ್ಕವಲ್ಲ, 60 ಡಿಗ್ರಿಗೇ ಬೆರಳು ಹಿಂದೆ ಬರುತ್ತದೆ, ಕಾಯಿಲ್‌ಗೆ ಅದು ಮಾಮೂಲು. ಮೊದಲು ರಿಲೇ ಆನ್ ಇರುವಾಗ ಕಾಯಿಲ್ ಕಾಲುಗಳ ಮೇಲೆ ಎಷ್ಟು ವೋಲ್ಟ್ ಇದೆ ಅಂತ ಅಳೆದು ಇಲ್ಲಿ ಹಾಕಿ.