ಬೀಪ್ ಬದಲು ಪರದೆಯಲ್ಲಿ ^ಜಿ ಬರುತ್ತಿದ್ದರೆ
ನಮಸ್ಕಾರ ಸರ್. ವಿಟಿ220 ಎಮ್ಯುಲೇಶನ್‌ನಲ್ಲಿರುವ (ಅಂದರೆ ವಿಟಿ220 ಎಂಬ ಹಳೆಯ ಟರ್ಮಿನಲ್‌ನಂತೆ ವರ್ತಿಸುವ) ನಿಮ್ಮ ಗೋದಾಮಿನ ಸ್ಕ್ಯಾನರ್ ಬೀಪ್ ಮಾಡದೆ ಪರದೆಯಲ್ಲಿ ^ಜಿ ತೋರಿಸುತ್ತಿದೆ ಅಂದಿರಿ. ನಿಮ್ಮ ಪ್ರೋಗ್ರಾಂನಿಂದ ನೀವು ಸ್ಕ್ಯಾನರ್‌ಗೆ ಕಳಿಸುತ್ತಿರುವುದು ^ ಮತ್ತು ಜಿ ಎಂಬ ಎರಡು ಅಕ್ಷರ. ಹೋಗಬೇಕಾದದ್ದು ಒಂದೇ ಬೈಟ್, ಆಸ್ಕಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) 7, ಅಂದರೆ ಬೀಪ್ ಮಾಡಿಸುವ ಬೆಲ್. ಅದು ಏನನ್ನೂ ಮೂಡಿಸುವುದಿಲ್ಲ, ಕರ್ಸರನ್ನೂ ಸರಿಸುವುದಿಲ್ಲ.

ತಪ್ಪಿನ ಸಂದೇಶ ತೋರಿಸುವ ಮುನ್ನ ಪರದೆ ಅಳಿಸಲು ಎಸ್ಕೇಪ್ (ಆಸ್ಕಿ 27), [, 2, ದೊಡ್ಡಕ್ಷರದ ಜೆ ಕಳಿಸಿ. ಆದರೆ ಕರ್ಸರ್ ಇದ್ದಲ್ಲೇ ಉಳಿಯುತ್ತದೆ, ಮೇಲಕ್ಕೆ ತರಲು ಎಸ್ಕೇಪ್, [, ದೊಡ್ಡಕ್ಷರದ ಎಚ್. ಆಮೇಲೆ ಸಂದೇಶ, ಕೊನೆಗೆ ಬೆಲ್.

ಇನ್ನೊಂದು, ಇದನ್ನು ದಯವಿಟ್ಟು ಬಿಡಬೇಡಿ: ಬಾರ್‌ಕೋಡ್ ಓದಿದಾಗ ಸ್ಕ್ಯಾನರ್ ತಾನಾಗಿಯೇ ಒಮ್ಮೆ ಬೀಪ್ ಅನ್ನುತ್ತದೆ. ತಪ್ಪಿಗೂ ಒಂದೇ ಬೀಪ್ ಕೊಟ್ಟರೆ ಗದ್ದಲದಲ್ಲಿ ಕೆಲಸದವರಿಗೆ ವ್ಯತ್ಯಾಸ ತಿಳಿಯದು, ತಪ್ಪು ಪೆಟ್ಟಿಗೆ ಲಾರಿ ಹತ್ತಿಬಿಡುತ್ತದೆ. ಮೂರು ಬೆಲ್ ಕಳಿಸಿ, ನಡುವೆ ಅರ್ಧ ಸೆಕೆಂಡ್ ಬಿಡಿ. ಒಟ್ಟಿಗೆ ಕಳಿಸಿದರೆ ಒಂದೇ ಸದ್ದಾಗಿ ಕೇಳಿಸಬಹುದು.